ಇಸು ಎಂದರೆ ಕುರ್ಚಿ

ಜಪಾನಿ ಭಾಷೆ ಕಲಿಯಲು ಕುಳಿತವರಿಗೆ ಮೊದಲ ವಾರಗಳಲ್ಲೇ ಎದುರಾಗುವ ಪದಗಳಲ್ಲಿ ಒಂದು ‘ಇಸು’. ಅದರ ಅರ್ಥ ಕುರ್ಚಿ. ನಮ್ಮ ದೇಶದ ತರಗತಿಗಳಲ್ಲೂ ಹೆಚ್ಚು ಬಳಕೆಯಲ್ಲಿರುವ ‘ಮಿನ್ನಾ ನೊ ನಿಹೊಂಗೊ’ ಎಂಬ ಪಠ್ಯಪುಸ್ತಕದ ಎರಡನೇ ಪಾಠದಲ್ಲಿ ಪುಸ್ತಕ, ಕೊಡೆ, ಗಡಿಯಾರ, ಮೇಜುಗಳ ಜೊತೆಯಲ್ಲಿ ಅದೂ ಬಂದುಬಿಡುತ್ತದೆ. ‘ಕೋರೆ ವಾ ಇಸು ದೆಸು’ ಎಂದರೆ ಇದು ಕುರ್ಚಿ. ಇಷ್ಟು ಹೇಳಲು ಬಂದರೆ ಒಂದು ಭಾಷೆಯ ಹೊಸ್ತಿಲು ದಾಟಿದಂತೆ.

ಹಾಸನ, ಗೊರೂರು, ಹೊಳೆನರಸೀಪುರದ ಕಡೆಯವರಿಗೆ ಜಪಾನಿ ಯಾಕೆ ಎಂದು ಮೂವತ್ತು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ ಉತ್ತರ ಇರುತ್ತಿರಲಿಲ್ಲ. ಈಗ ಇದೆ. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ 1999ರ ಕೊನೆಯಲ್ಲಿ ವಾಹನ ತಯಾರಿಕೆ ಆರಂಭಿಸಿತು. 2007ರಿಂದ ಅಲ್ಲಿಯೇ ನಡೆಯುತ್ತಿರುವ ತರಬೇತಿ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಬಡ ಮಕ್ಕಳನ್ನು ಸೇರಿಸಿಕೊಂಡಿತು. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಆರೈಕೆ, ಕೃಷಿ, ಕಟ್ಟಡ ಕೆಲಸ ಮುಂತಾದ ಕ್ಷೇತ್ರಗಳಲ್ಲಿ ಕೌಶಲ್ಯ ಮತ್ತು ಭಾಷೆಯ ಪರೀಕ್ಷೆ ಪಾಸಾದ ನಮ್ಮವರು ಅಲ್ಲಿಗೆ ಕೆಲಸಕ್ಕೆ ಹೋಗಬಹುದು ಎಂಬುದು ಅದರ ಸಾರಾಂಶ. ಜಪಾನಿನಲ್ಲಿ ಮುದುಕರು ಹೆಚ್ಚು, ಅವರನ್ನು ಎತ್ತಿ ಕೂರಿಸುವ ಕೈಗಳು ಕಡಿಮೆ. ಹಾಗಾಗಿ ನರ್ಸಿಂಗ್ ಓದಿದ ಹುಡುಗಿಯರು ಇಸು ಎಂಬ ಪದವನ್ನು ಬಾಯಿಪಾಠ ಮಾಡತೊಡಗಿದ್ದಾರೆ.

ಕನ್ನಡದ ಕಿವಿಗೆ ಇಸು ಹೊಸ ಸದ್ದಲ್ಲ. ಹಳಗನ್ನಡದಲ್ಲಿ ಇಸು ಎಂದರೆ ಬಾಣ ಬಿಡು ಎಂದರ್ಥ. ಅದು ಪಂಡಿತರ ಮಾತಾಯಿತು. ಆದರೆ ಮಾಡಿಸು, ಉಣಿಸು, ನಗಿಸು, ಮಲಗಿಸು ಎಂದು ದಿನಕ್ಕೆ ನೂರು ಸಲ ನಾವು ಇಸು ಎನ್ನುತ್ತಲೇ ಇರುತ್ತೇವೆ. ಕೂರು ಎಂಬುದಕ್ಕೆ ಇಸು ಸೇರಿದರೆ ಕೂರಿಸು. ಕೂರಿಸುವ ವಸ್ತು ಇಸು ಎಂದು ನೆನಪಿಟ್ಟುಕೊಂಡ ಕನ್ನಡದ ವಿದ್ಯಾರ್ಥಿಗೆ ಈ ಪದ ಮರೆಯುವ ಪ್ರಶ್ನೆಯೇ ಬರುವುದಿಲ್ಲ. ಇದು ಬರೀ ಕಾಕತಾಳೀಯ. ಎರಡು ಭಾಷೆಗಳ ನಡುವೆ ರಕ್ತಸಂಬಂಧ ಹುಡುಕಬೇಕಾಗಿಲ್ಲ. ಜಪಾನಿನ ವಿದ್ವಾಂಸ ಸುಸುಮು ಓನೊ ಅವರು ಜಪಾನಿಗೂ ತಮಿಳಿಗೂ ನಂಟಿದೆ ಎಂದು ವಾದಿಸಿದರು. ಭಾಷಾಶಾಸ್ತ್ರಜ್ಞರು ಬಹುಪಾಲು ಒಪ್ಪಲಿಲ್ಲ.

ಆದರೂ ಕನ್ನಡ ಬಲ್ಲವನಿಗೆ ಆ ಭಾಷೆಯ ವಾಕ್ಯ ಸಲೀಸು. ‘ಇಸು ನಿ ಸುವಾರು’ ಎಂದರೆ ಕುರ್ಚಿಯಲ್ಲಿ ಕೂರು. ನಮ್ಮ ‘ಅಲ್ಲಿ’ ಹಿಂದೆ ಬರುವಂತೆ ಅವರ ‘ನಿ’ಯೂ ನಾಮಪದದ ಹಿಂದೆಯೇ ಬರುತ್ತದೆ. ಕ್ರಿಯಾಪದ ಕೊನೆಗೆ. ಅವರಿಗೆ ಕೋರೆ, ಸೋರೆ, ಆರೆ ಎಂದು ಮೂರು ದೂರಗಳು: ನನ್ನ ಹತ್ತಿರದ್ದು, ನಿನ್ನ ಹತ್ತಿರದ್ದು, ಇಬ್ಬರಿಗೂ ದೂರದ್ದು. ನಮಗೀಗ ಇದು, ಅದು ಎರಡೇ. ಹಳಗನ್ನಡದಲ್ಲಿ ನಡುವಿನದಕ್ಕೆ ‘ಉದು’ ಎಂಬ ಮೂರನೆಯದೂ ಇತ್ತು. ಅದನ್ನು ನಾವು ಎಲ್ಲೋ ಕಳೆದುಕೊಂಡೆವು.

ಇಸು ಪ್ರತ್ಯಯಕ್ಕೆ ಕನ್ನಡದಲ್ಲಿ ಇನ್ನೊಂದು ಕೆಲಸವಿದೆ. ಹೊರಗಿನಿಂದ ಬಂದ ಪದವನ್ನು ಮನೆಯ ಪದ ಮಾಡುವುದು. ಸಂಸ್ಕೃತದ ಭಾವ ಭಾವಿಸು ಆಯಿತು, ಸ್ವೀಕಾರ ಸ್ವೀಕರಿಸು ಆಯಿತು. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗಾಗಲೇ ಇದು ಬಹಳ ಹಳೆಯ ರೂಢಿ. ಮುಂದೆ ಅರಬಿ, ಪಾರ್ಸಿ ಪದಗಳು ಬಂದಾಗ ಕನ್ನಡ ಅವಕ್ಕೂ ಅದೇ ಮರ್ಯಾದೆ ಮಾಡಿತು. ದಾಖಲ್ ಎಂಬುದು ದಾಖಲಿಸು ಆಯಿತು. ತಯಾರ್ ತಯಾರಿಸು, ಬದಲ್ ಬದಲಿಸು, ಖರೀದ್ ಖರೀದಿಸು, ರವಾನಾ ರವಾನಿಸು. ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿ ದಾಖಲಿಸಿ ಬರುವ ರೈತನಿಗೆ ತಾನು ಅರಬಿ ಮಾತಾಡಿದೆ ಎಂಬ ಅರಿವೇ ಇರುವುದಿಲ್ಲ. ಇರಬೇಕಾಗಿಯೂ ಇಲ್ಲ. ಯಾರ ಮನೆಯಿಂದ ಬಂದೆ ಎಂದು ಕನ್ನಡ ಕೇಳಲಿಲ್ಲ. ಒಂದು ಇಸು ಕೊಟ್ಟು ಕೂರಿಸಿತು.

ಮಜಾ ಇರುವುದು ಮುಂದೆ. ಜಪಾನಿಯಲ್ಲಿ ಇಸು ಎಂಬ ಪದವೇ ಹೊರಗಿನದು. ಚೀನಾದಿಂದ ಬಂದದ್ದು. ಒಮ್ಮೆಯಲ್ಲ, ಎರಡು ಸಲ ಬಂದದ್ದು.

ಜಪಾನಿಗರು ನೆಲದ ಮೇಲೆ ಕೂರುವ ಜನ. ಹುಲ್ಲಿನ ‘ತತಾಮಿ’ ಚಾಪೆ, ಅದರ ಮೇಲೊಂದು ‘ಜಬುತೋನ್’ ಎಂಬ ದಿಂಬು, ಮೊಣಕಾಲು ಮಡಿಸಿ ಕೂತರೆ ಆಯಿತು. ನಾವು ನಮಾಜಿನಲ್ಲಿ ಅತ್ತಹಿಯ್ಯಾತ್‌ಗೆ ಕೂರುವ ಭಂಗಿಗೆ ಅದು ಬಹಳ ಹತ್ತಿರ. ಇಂಥವರ ನಡುವೆ 8ನೇ ಶತಮಾನದಲ್ಲಿ ಕುರ್ಚಿ ಬಂದದ್ದು ಅರಮನೆಗೆ. ನಾರಾ ಪಟ್ಟಣದ ಶೋಸೋಯಿನ್ ಭಂಡಾರದಲ್ಲಿ ಆ ಕಾಲದ ಒಂದು ಅಗಲವಾದ, ಕೆಂಪು ಅರಗಿನ ಮರದ ಕುರ್ಚಿ ಈಗಲೂ ಇದೆ. ಮುಂದೆ ಹೇಯಾನ್ ಕಾಲದ ಆಸ್ಥಾನದಲ್ಲಿ ಕುರ್ಚಿಗೆ ‘ಇಶಿ’ ಎಂದು ಹೆಸರು. ಚಕ್ರವರ್ತಿಗೆ ಎಂಥದ್ದು, ದೊಡ್ಡ ಅಧಿಕಾರಿಗೆ ಎಂಥದ್ದು ಎಂಬುದಕ್ಕೆ ನಿಯಮಗಳಿದ್ದವು. ಉಳಿದವರಿಗೆ ಚಾಪೆ. ಆಮೇಲೆ 13ನೇ ಶತಮಾನದ ಸುಮಾರಿಗೆ ಜೆನ್ ಗುರುಗಳ ಮಠಗಳ ಜೊತೆ ಕುರ್ಚಿ ಮತ್ತೊಮ್ಮೆ ಬಂತು. ಅಷ್ಟು ಹೊತ್ತಿಗೆ ಚೀನಾದಲ್ಲಿ ಉಚ್ಚಾರ ಬದಲಾಗಿತ್ತು. ಮೊದಲು ‘ಶಿ’ ಎಂದು ಓದುತ್ತಿದ್ದ ಅದೇ ಅಕ್ಷರವನ್ನು ಈ ಹೊಸ ಸನ್ಯಾಸಿಗಳು ‘ಸು’ ಎಂದರು. ಬೀಸಣಿಗೆಗೆ ‘ಸೆನ್ಸು’, ಹಾಸಿಗೆಗೆ ‘ಫುತೋನ್’ ಎಂಬ ಪದಗಳೂ ಇದೇ ಬಗೆಯ ಉಚ್ಚಾರದವು. ಹೀಗೆ ಒಂದು ಪದದ ಕೊನೆಯ ಸದ್ದು ಅದು ಯಾವ ಕಾಲದ ಹಡಗಿನಲ್ಲಿ ಬಂತು ಎಂಬುದರ ರಸೀದಿಯಂತೆ ಉಳಿದುಬಿಟ್ಟಿದೆ. ಆ ಕಾಲದ ಜೆನ್ ಗುರುಗಳ ಚಿತ್ರಪಟಗಳಲ್ಲಿ ಗುರು ಎತ್ತರದ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾನೆ, ಚಪ್ಪಲಿ ಕೆಳಗೆ ಜೋಡಿಸಿಟ್ಟಿರುತ್ತದೆ. ಕುರ್ಚಿ ಬಂದರೂ ಕಾಲಿಗೆ ಇನ್ನೂ ನೆಲದ ಅಭ್ಯಾಸ. ನಮ್ಮ ಊರುಗಳಲ್ಲಿ ಹಿರಿಯರು ಬಸ್ಸಿನ ಸೀಟಿನ ಮೇಲೆ ಕಾಲು ಮಡಿಸಿ ಕೂರುವುದನ್ನು ನೋಡಿದವರಿಗೆ ಆ ಚಿತ್ರ ಪರಿಚಿತವೆನಿಸುತ್ತದೆ.

ಆ ಚಿತ್ರಾಕ್ಷರದ ಕತೆಯೂ ಹೇಳುವಂಥದ್ದೇ. ಹಳೆಯ ಇಶಿಯಲ್ಲಿ ‘ಒರಗು’ ಎಂಬರ್ಥದ ಅಕ್ಷರವಿತ್ತು, ಅದರ ಪಕ್ಕದಲ್ಲಿ ಮನುಷ್ಯನ ಗುರುತು. ಈಗಿನ ಇಸುವಿನಲ್ಲಿ ಮನುಷ್ಯನ ಜಾಗದಲ್ಲಿ ಮರದ ಗುರುತಿದೆ. ಒರಗುವವನು ಹೋಗಿ ಒರಗಿಸುವ ಮರ ಬಂತು. ಬರೆಯಲು ಕಷ್ಟದ ಅಕ್ಷರ ಅದು. ಜಪಾನ್ ಸರಕಾರದ ನಿತ್ಯಬಳಕೆಯ ಅಕ್ಷರಗಳ ಪಟ್ಟಿಗೆ ಸೇರಿದ್ದೇ 2010ರಲ್ಲಿ. ಅದಕ್ಕೇ ಹೊಸ ಕಲಿಕೆಯವರು ಅದನ್ನು ಸರಳ ಲಿಪಿಯಲ್ಲಿ ಎರಡೇ ಅಕ್ಷರದಲ್ಲಿ ಬರೆದು ಮುಂದಕ್ಕೆ ಹೋಗುತ್ತಾರೆ. ಕುರ್ಚಿಗಳನ್ನು ಎಣಿಸುವಾಗ ಮಾತ್ರ ಅವರು ಒಂದು, ಎರಡು ಎನ್ನುವುದಿಲ್ಲ. ‘ಇಕ್ಕ್ಯಾಕು, ನಿಕ್ಯಾಕು’ ಎನ್ನುತ್ತಾರೆ. ಕ್ಯಾಕು ಎಂದರೆ ಕಾಲು. ತಮಿಳರು ಕುರ್ಚಿಗೆ ನಾರ್ಕಾಲಿ ಎಂದದ್ದೂ ಕಾಲನ್ನು ನೋಡಿಯೇ.

ಇನ್ನು ಚೀನಾಕ್ಕೆ ಕುರ್ಚಿ ಎಲ್ಲಿಂದ ಬಂತು? ಅವರೂ ಮೊದಲು ಚಾಪೆಯ ಜನ. ಸುಮಾರು 2ನೇ ಶತಮಾನದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಮಡಚುವ ಪೀಠವೊಂದು ಬಂದಾಗ ಅದಕ್ಕೆ ಹೊರನಾಡಿನವರ ಮಂಚ ಎಂದೇ ಹೆಸರಿಟ್ಟರು. ಒರಗುವ ಕುರ್ಚಿ ಹರಡಿದ್ದು ಬೌದ್ಧ ವಿಹಾರಗಳ ಮೂಲಕ ಎಂದು ಜಾನ್ ಕೀಶ್ನಿಕ್ 2003ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಭಿಕ್ಷುಗಳ ವಿನಯ ನಿಯಮಗಳಲ್ಲಿ ಬರುವ ಎರಡು ಪಾಲಿ ಪದಗಳು ಮಂಚ ಮತ್ತು ಪೀಠ. ಎರಡೂ ಕನ್ನಡಿಗರ ಮನೆಯ ಪದಗಳೇ. ಅಂದರೆ ಇಸುವಿನ ಒಂದು ಕಾಲು ನಮ್ಮ ಕಡೆಯ ನೆಲದ ಮೇಲೂ ಇದೆ ಎನ್ನಲು ಅಡ್ಡಿಯಿಲ್ಲ.

7ನೇ ಶತಮಾನದಲ್ಲಿ ನಾಲಂದಾಕ್ಕೆ ಬಂದ ಚೀನೀ ಯಾತ್ರಿಕ ಇತ್ಸಿಂಗ್ ಭಾರತದ ಭಿಕ್ಷುಗಳ ಊಟದ ಕ್ರಮವನ್ನು ಬರೆದಿಟ್ಟಿದ್ದಾನೆ. ಕೈಕಾಲು ತೊಳೆದು ಒಬ್ಬೊಬ್ಬರೂ ಪುಟ್ಟ ಪೀಠದ ಮೇಲೆ ಕೂರುತ್ತಿದ್ದರಂತೆ. ಎತ್ತರ ಏಳು ಇಂಚಿನಷ್ಟು, ಅಗಲ ಒಂದಡಿ ಚೌಕ, ಮೇಲೆ ಬೆತ್ತದ ಹೆಣಿಗೆ. ಇದನ್ನು ಓದಿದ ಯಾವ ಕನ್ನಡಿಗನೂ ಇದು ಕಾಲ್ಮಣೆಯಲ್ಲವೇ ಎನ್ನದೆ ಇರಲಾರ.

ಮಣೆ ನಮ್ಮ ನಿಜವಾದ ಕುರ್ಚಿ. ಊಟದ ಮಣೆ, ಹಸೆಮಣೆ, ಈಳಿಗೆ ಮಣೆ, ತುರಿಮಣೆ, ಚೆನ್ನೆಮಣೆ. ಬದುಕಿನ ಒಂದೊಂದು ಕೆಲಸಕ್ಕೂ ಒಂದು ಮಣೆ. ಯಾರಿಗಾದರೂ ಮರ್ಯಾದೆ ಕೊಟ್ಟರೆ ‘ಮಣೆ ಹಾಕಿದರು’ ಎನ್ನುತ್ತೇವೆ. ‘ಕುರ್ಚಿ ಹಾಕಿದರು’ ಎಂದರೆ ಬರೀ ಕುರ್ಚಿ ಹಾಕಿದರು ಎಂದಷ್ಟೇ. ಆದರೆ ‘ಕುರ್ಚಿ ಹೋಯಿತು’ ಎಂದರೆ ಅಧಿಕಾರ ಹೋಯಿತು. ಜಪಾನಿಯಲ್ಲೂ ಹುದ್ದೆಗೆ ಇಸು ಎನ್ನುವುದುಂಟು. ಮಕ್ಕಳು ಆಡುವ ಸಂಗೀತ ಕುರ್ಚಿ ಅವರಲ್ಲಿ ‘ಇಸುತೊರಿ’, ಅಂದರೆ ಕುರ್ಚಿ ಕಿತ್ತುಕೊಳ್ಳುವ ಆಟ. ಆ ಹೆಸರಿನಲ್ಲಿ ಸಂಗೀತ ಇಲ್ಲ, ಕಿತ್ತುಕೊಳ್ಳುವುದಷ್ಟೇ ಇದೆ. ನಮ್ಮ ವಿಧಾನಸೌಧದ ವರದಿ ಮಾಡುವವರು ಈ ಪದವನ್ನು ಎರವಲು ತಂದರೂ ತಪ್ಪಿಲ್ಲ.

ಈಗ ಕುರ್ಚಿಯ ಕತೆ. ನನ್ನ ತಲೆಮಾರಿನ ಉರ್ದು ಮನೆಗಳ ಮಕ್ಕಳು ಮನೆಯಲ್ಲಿ ಕುರ್ಸಿ, ಬೀದಿಯಲ್ಲಿ ಕುರ್ಚಿ ಎಂದು ಎರಡನ್ನೂ ಆಡುತ್ತ ಬೆಳೆದವರು. ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡ ಶಾಲೆಗೆ ಸೇರಿದ ನನಗೆ ಇವೆರಡೂ ಒಂದೇ ಪದ ಎಂಬುದು ಬಹಳ ದಿನ ಹೊಳೆದಿರಲಿಲ್ಲ. ಒಂದು ದಾದಿಯ ಪದ, ಇನ್ನೊಂದು ಮೇಷ್ಟ್ರ ಪದ. ಕುರ್‌ಆನಿನ ‘ಆಯತುಲ್ ಕುರ್ಸೀ’ ಕಂಠಪಾಠವಿದ್ದ ಮಕ್ಕಳಿಗೆ ಅದೇ ಕುರ್ಸಿ ಶಾಲೆಯ ಹಲಗೆಯ ಪಕ್ಕದಲ್ಲಿ ಒಂದು ಕಾಲು ಮುರಿದು ನಿಂತಿದೆ ಎಂಬುದು ಕಾಣುವುದಾದರೂ ಹೇಗೆ? ಆ ಆಯತಿನ ಕುರ್ಸಿಯನ್ನು ವ್ಯಾಖ್ಯಾನಕಾರರು ಜ್ಞಾನವೆಂದೂ ಅಧಿಕಾರವೆಂದೂ ಬಿಡಿಸಿ ಹೇಳಿದ್ದಾರೆ. ಮರದ ವಸ್ತುವಾಗಿ ಅದನ್ನು ಯಾರೂ ಎಣಿಸುವುದಿಲ್ಲ.

ಪದದ ವಯಸ್ಸು ಅರಬಿಗಿಂತಲೂ ದೊಡ್ಡದು. ಅರಬಿಯ ಕುರ್ಸೀ ಅರಮಾಯಿಕ್‌ನಿಂದ ಬಂತು. ಅದರ ಹಿಂದೆ ಬ್ಯಾಬಿಲೋನಿನವರ ಅಕ್ಕಾಡಿಯನ್ ಭಾಷೆಯ ‘ಕುಸ್ಸು’. ಅದರ ಹಿಂದೆ ಸುಮೇರಿಯನ್ನರ ‘ಗುಜ’. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಇರಾಕಿನ ಮಣ್ಣಿನ ಹಲಗೆಗಳ ಮೇಲೆ ಬರೆದ ಪದ ಅದು. ಯಹೂದಿಯರ ಹೀಬ್ರೂವಿನ ‘ಕಿಸ್ಸೆ’ ಅದೇ ಬಳಗದ್ದು. ಪೂರ್ವಕ್ಕೆ ಹೋದರೆ ಮಲಯದಲ್ಲಿ ‘ಕೆರುಸಿ’, ಇಂಡೋನೇಷ್ಯಾದಲ್ಲಿ ‘ಕುರ್ಸಿ’. ಕನ್ನಡಕ್ಕೆ ಬರುವಾಗ ಮಾತ್ರ ‘ಸಿ’ ಹೋಗಿ ‘ಚಿ’ ಆಯಿತು. ಮರಾಠಿಯಲ್ಲಿ ಅದು ‘ಖುರ್ಚಿ’. ಬಿಜಾಪುರದ ಆದಿಲಶಾಹಿ ಕಾಲದಿಂದಲೂ ನಮ್ಮ ನಾಡಿನ ಲೆಕ್ಕಪತ್ರಗಳಲ್ಲಿ ಮರಾಠಿ ಬಲ್ಲ ಗುಮಾಸ್ತರ ಕೈ ಇತ್ತು. ಮೈಸೂರಿನ ಕಚೇರಿಗಳೂ ಇದಕ್ಕೆ ಹೊರತಲ್ಲ. ಸುಲ್ತಾನನ ಅರಬಿ-ಪಾರ್ಸಿ ಪದವನ್ನು ಬ್ರಾಹ್ಮಣ ಗುಮಾಸ್ತ ಮರಾಠಿಯಲ್ಲಿ ಆಡಿ, ಅದನ್ನು ಗೌಡರು ಕನ್ನಡದಲ್ಲಿ ಕೇಳಿಸಿಕೊಂಡ ಗುರುತು ಆ ‘ಚಿ’ಯಲ್ಲಿದೆ. ಇಸುವಿನ ‘ಸು’ ಹೇಗೆ ಒಂದು ರಸೀದಿಯೋ ಇದೂ ಹಾಗೆಯೇ ಒಂದು ರಸೀದಿ. ರಸೀದಿ ಎಂಬುದೂ ಪಾರ್ಸಿ ಪದ ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಕರಾವಳಿಯಲ್ಲಿ ಬೇರೆ ಹಡಗು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ‘ಕದೈರಾ’ ಕೊಂಕಣಿಯಲ್ಲಿ ಕದೆಲ್ ಆಯಿತು, ಮಲಯಾಳದಲ್ಲಿ ಕಸೇರ ಆಯಿತು. ಅವರ ‘ಅರ್ಮಾರಿಯೊ’ ನಮ್ಮೆಲ್ಲರ ಅಲಮಾರು. 1543ರಲ್ಲಿ ಅವರೇ ಜಪಾನಿಗೂ ಹೋದರು. ಅಲ್ಲಿ ರೊಟ್ಟಿಗೆ ‘ಪಾನ್’, ಗುಂಡಿಗೆ ‘ಬೋತಾನ್’ ಎಂಬ ಪದಗಳನ್ನು ಬಿಟ್ಟುಬಂದರು. ಬೊಂಬಾಯಿಯ ಪಾವ್ ಮತ್ತು ಟೋಕಿಯೊದ ಪಾನ್ ಅಣ್ಣತಮ್ಮಂದಿರು. ಆದರೆ ಕುರ್ಚಿಯ ಪದವನ್ನು ಮಾತ್ರ ಜಪಾನ್ ಅವರಿಂದ ತೆಗೆದುಕೊಳ್ಳಲಿಲ್ಲ. ಅಲ್ಲಿ ಇಸು ಆಗಲೇ ಇತ್ತು. ಮನೆಗಳಲ್ಲಿ ಅದರ ಅಗತ್ಯವೂ ಇರಲಿಲ್ಲ.

ಸೋಫಾ ಎಂಬ ಪದದ ಕತೆಯನ್ನು ಇಲ್ಲಿ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಅದರ ಮೂಲ ಅರಬಿಯ ‘ಸುಫ್ಫಾ’, ಅಂದರೆ ಜಗಲಿ. ಮದೀನಾದಲ್ಲಿ ಪ್ರವಾದಿಯವರ ಮಸೀದಿಗೆ ಸೇರಿದಂತೆ ನೆರಳಿನ ಒಂದು ಸುಫ್ಫಾ ಇತ್ತು. ಮನೆಮಠವಿಲ್ಲದ, ಬಂಧುಗಳಿಲ್ಲದ ಬಡ ಸಂಗಾತಿಗಳು ಅಲ್ಲೇ ಮಲಗುತ್ತಿದ್ದರು, ಅಲ್ಲೇ ಕಲಿಯುತ್ತಿದ್ದರು. ಅಸ್‌ಹಾಬೆ ಸುಫ್ಫಾ ಎಂದು ಇತಿಹಾಸ ಅವರನ್ನು ಕರೆಯುತ್ತದೆ. ಅದೇ ಪದ ತುರ್ಕಿಯ ಅರಮನೆಗಳನ್ನು ದಾಟಿ ಯೂರೋಪಿಗೆ ಹೋಗಿ ಮೆತ್ತೆ ತುಂಬಿಸಿಕೊಂಡು ಹಿಂದಿರುಗಿತು. ಈಗ ನಿಕಾಹಿನ ಮಾತುಕತೆಯಲ್ಲಿ ಹುಡುಗಿಯ ಕಡೆಯವರು ಕೊಡಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಸೋಫಾಸೆಟ್ ಇರುತ್ತದೆ. ಬಡವರ ಜಗಲಿ ಬಡ ತಂದೆಯ ಸಾಲವಾಗಿ ಮನೆ ಸೇರಿದೆ.

ಜಗಲಿ ಎಂದಾಗ ಗೊರೂರು ನೆನಪಾಗುತ್ತದೆ. ಹೇಮಾವತಿಯ ದಡದ ಈ ಊರನ್ನು ಕನ್ನಡಿಗರಿಗೆಲ್ಲ ಪರಿಚಯಿಸಿದವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ‘ಹಳ್ಳಿಯ ಚಿತ್ರಗಳು’ ಬರೆದವರು, ಗಾಂಧೀವಾದಿ, ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋದವರು. ವಯಸ್ಸಾದ ಮೇಲೆ ಅಮೆರಿಕಾ ನೋಡಿ ಬಂದು ಬರೆದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೂರುವ ಜಾಗವೆಂದರೆ ಜಗಲಿ, ಅರಳಿಕಟ್ಟೆ, ಚಾಪೆ. ಕುರ್ಚಿ ಇರುತ್ತಿದ್ದದ್ದು ಪಟೇಲರ ಮನೆಯಲ್ಲಿ, ಅಮಲ್ದಾರರು ಬಂದಾಗ ಹೊರತರಲು. ನಂತರ ಅಣೆಕಟ್ಟು ಬಂತು. 1979ರಲ್ಲಿ ಅದು ಮುಗಿಯುವ ಹೊತ್ತಿಗೆ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ನಿಲ್ಲತೊಡಗಿತು.

ಆದರೆ ಆ ಜಗಲಿಗಳ ಬಗ್ಗೆ ನಾವು ಬಹಳ ಮೋಹದಿಂದ ಮಾತಾಡುವುದು ನನಗೆ ಹಿಡಿಸುವುದಿಲ್ಲ. ಜಗಲಿ ಎಲ್ಲರದ್ದೂ ಆಗಿರಲಿಲ್ಲ. ದಲಿತರು ಅಂಗಳದಲ್ಲಿ ನಿಲ್ಲಬೇಕಿತ್ತು. ಮುಸ್ಲಿಮರಾದ ನಮ್ಮ ಹಿರಿಯರಿಗೆ ಕೆಲವು ಮನೆಗಳ ಜಗಲಿಯ ತುದಿಯವರೆಗೆ ಪ್ರವೇಶವಿತ್ತು. ಕೂತ ಜಾಗಕ್ಕೆ ಆಮೇಲೆ ನೀರು ಚಿಮುಕಿಸುವುದನ್ನು ಅವರೇನೂ ಕಾಣದವರಲ್ಲ. ನಮ್ಮವರೂ ಬೇರೆಯವರಿಗೆ ಅದನ್ನೇ ಮಾಡಿದ್ದುಂಟು ಎಂಬುದನ್ನು ಹೇಳದೆ ಬಿಟ್ಟರೆ ಈ ಮಾತು ಅರ್ಧವಾಗುತ್ತದೆ. ಪದಕ್ಕೆ ಒಂದು ಇಸು ಕೊಟ್ಟು ಕೂರಿಸಿದ ಸಮಾಜ ಮನುಷ್ಯನನ್ನು ಅಷ್ಟು ಸುಲಭವಾಗಿ ಕೂರಿಸಲಿಲ್ಲ. ಡಾ. ಅಂಬೇಡ್ಕರರು ಶಾಲೆಯಲ್ಲಿ ಒಂದು ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಾಗಿತ್ತು. ಶಾಲೆ ಗುಡಿಸುವವನೂ ಅದನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಅದನ್ನು ಮನೆಗೆ ಹೊತ್ತೊಯ್ದು ಬೆಳಿಗ್ಗೆ ಮತ್ತೆ ತರಬೇಕಿತ್ತು. ಅವರ ‘ವೇಟಿಂಗ್ ಫಾರ್ ಎ ವೀಸಾ’ ಬರಹದಲ್ಲಿ ಇದು ದಾಖಲಾಗಿದೆ.

ಇಂಗ್ಲಿಷರು ಬಂದ ಮೇಲೆ ಕುರ್ಚಿಗೆ ಸರ್ಟಿಫಿಕೇಟೇ ಹುಟ್ಟಿತು. ಉತ್ತರ ಭಾರತದಲ್ಲಿ, ವಿಶೇಷವಾಗಿ ದೆಹಲಿ ಮತ್ತು ಪಂಜಾಬಿನ ಕಡೆ, 19ನೇ ಶತಮಾನದ ಕೊನೆಯ ಹೊತ್ತಿಗೆ ‘ಕುರ್ಸಿ ನಶೀನ್’ ಎಂಬ ಪತ್ರ ಕೊಡುತ್ತಿದ್ದರು. ಈ ಪತ್ರ ಹೊಂದಿದ ದೇಶೀಯನು ಜಿಲ್ಲಾ ಅಧಿಕಾರಿಯ ಎದುರು ಕುರ್ಚಿಯಲ್ಲಿ ಕೂರಬಹುದು ಎಂದು ಅದರ ತಾತ್ಪರ್ಯ. ಅದು ಇಲ್ಲದವರು ನಿಂತೇ ಮಾತಾಡಬೇಕು. ಜನ ಅದಕ್ಕಾಗಿ ಹಾತೊರೆದರು, ಸಿಕ್ಕವರು ಹೆಮ್ಮೆಪಟ್ಟರು. ಹೇಯಾನ್ ಕಾಲದ ಜಪಾನಿನ ಇಶಿ ನಿಯಮಕ್ಕೂ ಇದಕ್ಕೂ ಸಾವಿರ ವರ್ಷದ ಅಂತರವಿದ್ದರೂ ಬುದ್ಧಿ ಒಂದೇ.

ಬ್ರಿಟಿಷರು ಹೋದರು, ಕುರ್ಸಿ ನಶೀನ್ ಪತ್ರ ಹೋಯಿತು. 2020ರ ಅಕ್ಟೋಬರಿನಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ತೆರ್ಕು ತಿಟ್ಟೈ ಗ್ರಾಮ ಪಂಚಾಯತಿಯ ಒಂದು ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಚುನಾಯಿತ ಅಧ್ಯಕ್ಷೆ, ದಲಿತ ಹೆಣ್ಣುಮಗಳು, ನೆಲದ ಮೇಲೆ ಕೂತಿದ್ದರು. ಉಳಿದವರು ಕುರ್ಚಿಗಳ ಮೇಲಿದ್ದರು. ಅಧ್ಯಕ್ಷ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ‘ಚೇರ್’ ಎಂದೇ ಹೇಳುತ್ತಾರೆ. ಅಧ್ಯ‌ಕ್ಷೆಗೆ ಕುರ್ಚಿಯೇ ಇರಲಿಲ್ಲ.

ಈ ವಿಷಯದಲ್ಲಿ ನನಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಂದು ಬಗೆಯ ಗೌರವವಿದೆ. ನೋಡಲು ಚೆಂದವಿಲ್ಲ, ಒರಗಿದರೆ ಬಾಗುತ್ತದೆ. ಆದರೆ ಶಾಮಿಯಾನದವನು ಒಂದರ ಮೇಲೊಂದು ಪೇರಿಸಿಕೊಂಡು ತಂದ ಆ ಕುರ್ಚಿಗಳಲ್ಲಿ ಯಾವುದು ನಿನ್ನೆ ಉರೂಸಿನಲ್ಲಿತ್ತು, ಯಾವುದು ಮೊನ್ನೆ ಮದುವೆಯಲ್ಲಿತ್ತು, ಯಾರು ಅದರ ಮೇಲೆ ಕೂತಿದ್ದರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ನೀರು ಚಿಮುಕಿಸುವವರು ಎಷ್ಟು ಕುರ್ಚಿಗೆ ಚಿಮುಕಿಸಿಯಾರು?

ಮನೆಯೊಳಗೆ ಕುರ್ಚಿ ಬಂದದ್ದು ಜಪಾನಿನಲ್ಲೂ ತಡವಾಗಿಯೇ. 1868ರ ಮೇಜಿ ಬದಲಾವಣೆಯ ನಂತರ ಶಾಲೆ, ಸೈನ್ಯ, ಕಚೇರಿಗಳಿಗೆ ಇಸು ಬಂತು. ಮನೆ ಚಾಪೆಯಲ್ಲೇ ಉಳಿಯಿತು. 1898ರಲ್ಲಿ ಮೊದಲ ಸಲ ಜಪಾನಿಗೆ ಹೋದ ಸರ್ ಎಂ. ವಿಶ್ವೇಶ್ವರಯ್ಯನವರು ನೋಡಿದ್ದು ಈ ದೇಶವನ್ನೇ. ಹಗಲು ಕುರ್ಚಿ, ರಾತ್ರಿ ಚಾಪೆ. ಅಲ್ಲಿನ ಶಾಲೆ, ಕಾರ್ಖಾನೆಗಳು ಅವರ ಮನಸ್ಸಿನಲ್ಲಿ ನಿಂತವು. ಮುಂದೆ ಅವರು ಮೈಸೂರಿನ ದಿವಾನರಾದರು. (ದಿವಾನ ಎಂಬುದೂ ಪಾರ್ಸಿ ಪದವೇ. ಲೆಕ್ಕದ ಪುಸ್ತಕ, ಕಚೇರಿ, ಮಂತ್ರಿ, ಗಜಲುಗಳ ಸಂಕಲನ, ಕೊನೆಗೆ ದಿಂಬು ಹಾಕಿದ ಮಂಚ, ಎಲ್ಲಕ್ಕೂ ಅದೊಂದೇ ಪದ.) ಜಪಾನಿನ ಸಾಮಾನ್ಯರ ಅಡುಗೆಮನೆಗೆ ಊಟದ ಮೇಜು, ಕುರ್ಚಿ ಬಂದದ್ದು ಯುದ್ಧದ ನಂತರ. 1955ರಲ್ಲಿ ಸ್ಥಾಪನೆಯಾದ ಸರಕಾರಿ ವಸತಿ ನಿಗಮ ಕಟ್ಟಿದ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಮತ್ತು ಊಟ ಒಂದೇ ಕೋಣೆಯಲ್ಲಿ ಎಂಬ ಹೊಸ ವಿನ್ಯಾಸ ಬಂತು. ಅದರ ಜೊತೆ ಜನ ನೆಲದಿಂದ ಎದ್ದು ಇಸು ಏರಿದರು. ಆಗ ಮೇಲೆದ್ದ ತಲೆಮಾರು ಈಗ ಮುಪ್ಪಿನಲ್ಲಿದೆ. ಅವರಲ್ಲಿ ಅನೇಕರಿಗೆ ಬೇಕಾಗಿರುವುದು ‘ಕುರುಮ ಇಸು’. ಕುರುಮ ಎಂದರೆ ಗಾಲಿ, ಬಂಡಿ. ಕನ್ನಡದ ಗಾಲಿಕುರ್ಚಿಯನ್ನು ಪದಕ್ಕೆ ಪದ ಜಪಾನಿಗೆ ತಿರುಗಿಸಿದಂತಿದೆ. ಗಾಲಿ ಕನ್ನಡ, ಕುರ್ಚಿ ಅರಬಿ. ಹಳೆಯ ವೈಯಾಕರಣರು ಕಂಡರೆ ಅರಿಸಮಾಸ ಎಂದು ಮುಖ ಸಿಂಡರಿಸಬಹುದು. ನಡೆಯಲಾರದವರಿಗೆ ಆ ತಕರಾರಿಲ್ಲ. ಆರೈಕೆಯ ಕೆಲಸಕ್ಕೆ ಹೋಗುವ ನಮ್ಮ ಹುಡುಗಿಯರು ದಿನಕ್ಕೆ ಹತ್ತಾರು ಸಲ ಆಡಬೇಕಾದ ಪದ ಅದು.

ಆದರೆ ಬೇರೆಯವರನ್ನು ಕೂರಿಸುವ ಕೆಲಸ ಮಾಡುವವರಿಗೆ ತಾವು ಕೂರಲು ಅವಕಾಶವಿದೆಯೇ? ಈ ಪ್ರಶ್ನೆ ಕೇಳಲು ಜಪಾನಿನವರೆಗೆ ಹೋಗಬೇಕಾಗಿಲ್ಲ. ನಮ್ಮ ಯಾವುದೇ ಪೇಟೆಯ ದೊಡ್ಡ ಬಟ್ಟೆ ಅಂಗಡಿಗೆ ಹೋಗಿ ನೋಡಿ. ಗಿರಾಕಿಗಳಿಗೆ ಮೆತ್ತೆ ಕುರ್ಚಿ. ಸೀರೆ ಬಿಚ್ಚಿ ತೋರಿಸುವ ಹುಡುಗಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರುತ್ತಾಳೆ. ಗಿರಾಕಿ ಇಲ್ಲದ ಹೊತ್ತಿನಲ್ಲೂ ನಿಂತೇ ಇರುತ್ತಾಳೆ. ಗೋಡೆಗೆ ಒರಗಿದರೂ ಮೇಲ್ವಿಚಾರಕನ ಕಣ್ಣು ಬೀಳುತ್ತದೆ. ಈ ಕೆಲಸದಲ್ಲಿ ನಮ್ಮ ಮೊಹಲ್ಲಾಗಳ ಹೆಣ್ಣುಮಕ್ಕಳೂ ಇದ್ದಾರೆ. ಸಂಜೆ ಊದಿದ ಕಾಲಿನಲ್ಲಿ ಬಸ್ ಹತ್ತಿ, ಬಸ್ಸಿನಲ್ಲೂ ನಿಂತೇ ಹೋಗುತ್ತಾರೆ.

ಪಕ್ಕದ ಕೋಳಿಕ್ಕೋಡಿನ ಹೆಣ್ಣುಮಕ್ಕಳು ಇದನ್ನು ಪ್ರಶ್ನಿಸಿದರು. ಅಲ್ಲಿನ ‘ಪೆಣ್‌ಕೂಟ್ಟು’ ಎಂಬ ಸಂಘಟನೆಯನ್ನು ಕಟ್ಟಿದವರು ವಿಜಿ, ವೃತ್ತಿಯಿಂದ ದರ್ಜಿ. ಅಂಗಡಿಗಳಲ್ಲಿ ಶೌಚಾಲಯ ಬೇಕು ಎಂದು ಮೊದಲು ಕೇಳಿದರು. ಆಮೇಲೆ ಕೂರುವ ಹಕ್ಕು ಬೇಕು ಎಂದರು. ಆ ಹೋರಾಟಕ್ಕೆ ‘ಇರಿಕ್ಕಲ್ ಸಮರಂ’ ಎಂದು ಹೆಸರಾಯಿತು. ಇರಿಕ್ಕಲ್ ಎಂದರೆ ಕೂರುವುದು, ಸಮರಂ ಎಂದರೆ ಹೋರಾಟ. 2018ರಲ್ಲಿ ಕೇರಳ ಸರಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನಿಗೆ ತಿದ್ದುಪಡಿ ತಂದು ಕೆಲಸಗಾರರಿಗೆ ಕೂರುವ ವ್ಯವಸ್ಥೆ ಮಾಡಬೇಕು ಎಂದಿತು. ಅದೇ ವರ್ಷ ಬಿಬಿಸಿ ಲೋಕದ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿಯವರ ಹೆಸರಿತ್ತು. 2021ರಲ್ಲಿ ತಮಿಳುನಾಡು ಕೂಡ ಇದೇ ಬಗೆಯ ತಿದ್ದುಪಡಿ ಮಾಡಿತು. ಒಂದು ಕುರ್ಚಿಗಾಗಿ ವಿಧಾನಸಭೆಗಳು ಕೂತು ಕಾನೂನು ಮಾಡಬೇಕಾಯಿತು. ಆ ಕುರ್ಚಿ ಮಂತ್ರಿಯದ್ದಾಗಿರಲಿಲ್ಲ, ಇದೊಂದು ಅಪರೂಪವೇ.

ಜಪಾನಿನಲ್ಲಿ ಇಂಥ ನಿಯಮ ಹಳೆಯದು. 1972ರ ಕಾರ್ಮಿಕ ಸುರಕ್ಷತೆ ಮತ್ತು ಆರೋಗ್ಯ ನಿಯಮಾವಳಿಯ 615ನೇ ವಿಧಿ, ನಿಂತು ದುಡಿಯುವವರಿಗೆ ಮಧ್ಯೆ ಕೂರಲು ಅವಕಾಶ ಸಿಗುವಂತಿದ್ದರೆ ಮಾಲೀಕ ಇಸು ಇಡಬೇಕು ಎಂದು ಹೇಳುತ್ತದೆ. ಇಸು ಎಂಬ ಪದವೇ ಆ ವಿಧಿಯ ತಲೆಬರಹದಲ್ಲಿದೆ. ಆದರೂ ಅಲ್ಲಿನ ಅಂಗಡಿಗಳ ಹಣದ ಕೌಂಟರಿನಲ್ಲಿ ಹುಡುಗ ಹುಡುಗಿಯರು ನಿಂತೇ ಇದ್ದರು. ಕೂತರೆ ಗಿರಾಕಿಗೆ ಅಗೌರವವಾಗುತ್ತದೆ ಎಂಬ ಭಾವನೆ. 2024ರಲ್ಲಿ ಕೆಲಸ ಹುಡುಕಿಕೊಡುವ ಅಲ್ಲಿನ ಮೈನವಿ ಎಂಬ ಕಂಪನಿ ಒಂದು ಅಭಿಯಾನ ಶುರುಮಾಡಿತು. ಕೌಂಟರಿನ ಹಿಂದೆ ಇಡಬಹುದಾದ ಕುರ್ಚಿಯೊಂದನ್ನು ಮಾಡಿಸಿ ಅಂಗಡಿಗಳಿಗೆ ಕೊಡತೊಡಗಿತು. ಆ ಅಭಿಯಾನದ ಹೆಸರು ‘ಸುವತ್ತೆ ಈಸ್ಸು’. ಕೂತರೂ ಪರವಾಗಿಲ್ಲ ಎಂದು ಜಪಾನಿ ಹುಡುಗರು ಆಡುಮಾತಿನಲ್ಲಿ ಹೇಳುವ ರೀತಿ ಅದು. ಅದರ ಬಾಲದಲ್ಲಿ ಇಸು ಅಡಗಿ ಕೂತಿದೆ.